ನೆರೆಮನೆಯ ಅಳತೆ

“ಗುರುಗಳೇ, ತಿದ್ದುವ ದಾರಿಯನ್ನು ಮೊದಲೇ ಇಟ್ಟುಕೊಂಡು ಹೇಳಿದ ಸುಳ್ಳೂ ಸುಳ್ಳೇ?” ಎಂದು ಶಿಷ್ಯ ಕೇಳಿದ.

ಯಾವ ಸುಳ್ಳು ಎಂದು ಗುರು ಕೇಳಿದರು. ಶಿಷ್ಯ ಹೇಳಿದ. ಒಂದು ಊರಿನವರು ತಮ್ಮ ಮಕ್ಕಳಿಗೆ ಪಾಠ ಹೇಳಲು ಅವನನ್ನು ಕರೆದಿದ್ದರು. ನನ್ನ ಓದು ಮುಗಿದಿದೆ ಎಂದು ಅವನು ಅವರಿಗೆ ಹೇಳಿಬಿಟ್ಟಿದ್ದ. ಓದು ಅರ್ಧವೂ ಆಗಿರಲಿಲ್ಲ. ಆದರೆ ಅಲ್ಲಿಗೆ ಹೋಗಲು ಇನ್ನೂ ಒಂದು ವರ್ಷವಿತ್ತು. ದಿನಕ್ಕೆ ಇಷ್ಟು ಪುಟ ಎಂದು ಲೆಕ್ಕ ಹಾಕಿದ್ದ. ಹೊರಡುವ ಹೊತ್ತಿಗೆ ಸುಳ್ಳು ನಿಜವಾಗಿರುತ್ತದೆ, ಯಾರಿಗೂ ನಷ್ಟವಿಲ್ಲ ಎಂಬುದು ಅವನ ವಾದ.

ಗುರು ನಕ್ಕರು. “ನಿನ್ನ ಹಾಗೆಯೇ ಲೆಕ್ಕದಲ್ಲಿ ಗಟ್ಟಿಯಾದ ಒಬ್ಬ ತಾಯಿ ಇದ್ದಳು. ಕೇಳು,” ಎಂದು ಕತೆ ತೊಡಗಿದರು.

ಅವಳು ಬಳೆ ಮಾರುವವಳು. ಒಬ್ಬಳೇ ಮಗಳು. ಪಕ್ಕದ ಊರಿನ ಅನುಕೂಲಸ್ಥರ ಮನೆಯಿಂದ ಸಂಬಂಧ ಕೂಡಿಬಂತು. ಆ ಸೀಮೆಯಲ್ಲಿ ಮದುವಣಗಿತ್ತಿಯ ಸೀರೆ, ಕುಪ್ಪಸ ಎರಡನ್ನೂ ಗಂಡಿನ ಮನೆಯವರೇ ಕೊಡಬೇಕು. ಹೆಣ್ಣಿನ ಹಳೆಯ ಕುಪ್ಪಸವೊಂದನ್ನು ಅಳತೆಗೆ ಕಳಿಸಿಕೊಡಿ ಎಂದು ಗಂಡಿನ ತಾಯಿ ಹೇಳಿಕಳಿಸಿದಳು.

ಮಗಳಿಗೆ ಇದ್ದದ್ದು ಎರಡೇ ಕುಪ್ಪಸ. ಎರಡಕ್ಕೂ ತೇಪೆ. ಅದನ್ನು ಬೀಗರ ಮನೆಗೆ ಹೇಗೆ ಕಳಿಸುವುದು? ತಾಯಿ ನೆರೆಮನೆಯವಳ ಹೊಸ ಕುಪ್ಪಸವನ್ನು ಬೇಡಿ ತಂದು ಅಳತೆಗೆ ಕಳಿಸಿದಳು. ನೆರೆಮನೆಯವಳು ಮೈತುಂಬಿದ ಹೆಂಗಸು. ಮಗಳು ಕಡ್ಡಿಯಂತಿದ್ದಳು. ನನಗೆ ಆ ತಾಯಿಯ ಮೇಲೆ ಸಿಟ್ಟಿಲ್ಲ. ಇಲ್ಲದವರ ನಾಚಿಕೆ ಎಂಥದೆಂದು ನನಗೂ ಗೊತ್ತು.

ಅವಳನ್ನು ದಡ್ಡಿ ಎಂದುಕೊಳ್ಳಬೇಡ. ಬಿಗಿಯಾದ ಕುಪ್ಪಸವನ್ನು ಸಡಿಲ ಮಾಡಲು ಬಟ್ಟೆ ಬೇಕು, ಸಡಿಲವಾದದ್ದನ್ನು ಹಿಡಿಸಲು ಕೂಲಿ ಕೊಟ್ಟರೆ ಸಾಕು ಎಂದು ತಿಳಿದೇ ದೊಡ್ಡ ಅಳತೆ ಕಳಿಸಿದ್ದಳು. ಮರುದಿನವೇ ದರ್ಜಿಯ ಬಳಿ ಹೋದಳು. ಎರಡು ಮಗ್ಗುಲು ಹಿಡಿಯಲು ಎಷ್ಟು, ತೋಳಿಗೆ ಎಷ್ಟು, ಮದುವೆಯ ದಿನ ಮನೆಗೇ ಬಂದು ಕೂತು ಮಾಡಿಕೊಡಲು ಎಷ್ಟು ಎಂದು ಒಂದೊಂದಾಗಿ ಕೇಳಿದಳು. ಎಲ್ಲ ಸೇರಿ ಹನ್ನೆರಡು ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಹೂವಿನ ಖರ್ಚು ಇಳಿಸಿದಳು. ವಾದ್ಯದವರಲ್ಲಿ ಇಬ್ಬರನ್ನು ಬೇಡವೆಂದಳು. ಹನ್ನೆರಡು ರೂಪಾಯಿಯನ್ನು ಬೇರೆ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದರ್ಜಿಯ ಊಟವನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ಅದರಲ್ಲಿ ಒಂದು ತಪ್ಪು ತೋರಿಸು ನೋಡೋಣ.

ನಡುವೆ ಎರಡು ಸಲ ಮಗಳು, ಈಗಲಾದರೂ ನಿಜ ಹೇಳಿಕಳಿಸೋಣ ಎಂದಳು. ತಾಯಿ ಸೊಂಟದ ಗಂಟನ್ನು ತಟ್ಟಿ ತೋರಿಸಿದಳು.

ಮದುವೆಯ ದಿನ ಬಂತು. ಮುಹೂರ್ತಕ್ಕೆ ಒಂದು ತಾಸು ಇರುವಾಗ ಗಂಡಿನ ತಾಯಿ ತಟ್ಟೆಯನ್ನು ತಾನೇ ಹಿಡಿದು ತಂದಳು. ಸೀರೆಯ ಮೇಲೆ ಕುಪ್ಪಸವಿತ್ತು. ಬೆನ್ನಿನಿಂದ ತೋಳಿನವರೆಗೆ ಬೆರಳಿಡಲು ಜಾಗವಿಲ್ಲದಂತೆ ಕಸೂತಿ. ನವಿಲು, ಗೋಪುರ, ಆನೆಗಳ ಸಾಲು. ಅಂಗಡಿಯಲ್ಲಿ ಮಾಡಿಸಿದ್ದಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಕೈಯಿಂದ ಹಾಕಿದ್ದು.

“ನಿನ್ನ ಅಳತಿ ಉಡಿಯಾಗ ಇಟ್ಕೊಂಡು ನಾಕ ತಿಂಗಳ ಕುಂತೀನವಾ,” ಎಂದು ಅವಳು ಹುಡುಗಿಯ ಗಲ್ಲ ಸವರಿದಳು. “ಕಣ್ಣ ಹೋಗಾಕತ್ತಾವು. ಇನ್ನ ಸೂಜಿ ಹಿಡ್ಯಾಕ ಆಗೂದಿಲ್ಲ, ಇದ ಕಡೀದು. ತೊಟಗೊಂಡ ಬಾ, ಕಣ್ಣ ಇರೂದ್ರಾಗ ಒಮ್ಮಿ ನೋಡಿಬಿಡ್ತೀನಿ.”

ಹೆಣ್ಣಿನ ತಾಯಿ ತಟ್ಟೆಯನ್ನು ತೆಗೆದುಕೊಂಡು ಮಗಳನ್ನು ಒಳಗೆ ಕರೆದೊಯ್ದಳು.

ಒಳಕೋಣೆಯಲ್ಲಿ ದರ್ಜಿ ಕಾದು ಕೂತಿದ್ದ. ಕುಪ್ಪಸ ಮಗಳ ಭುಜದಿಂದ ಜಾರಿ ಬೀಳುತ್ತಿತ್ತು. ಹಾಗೆಯೇ ತೊಡುವಂತಿರಲಿಲ್ಲ. ಮಡಿಸಿ ಹೊಲಿದರೆ ಕಸೂತಿಯ ದಪ್ಪಕ್ಕೆ ಕಂಕುಳು ಬಿಗಿದು, ಮಾಲೆ ಹಾಕಲು ಕೈ ಏಳುವುದಿಲ್ಲ. ಎರಡೂ ಮಗ್ಗುಲನ್ನು ಕತ್ತರಿಸಿಯೇ ತೆಗೆಯಬೇಕು. ದರ್ಜಿ ಕುಪ್ಪಸವನ್ನು ಒಳಮಗ್ಗುಲು ತಿರುಗಿಸಿ ನೋಡಿದ. ಕಸೂತಿಯ ನೂಲಿಗೆ ಗಂಟು ಹಾಕುವುದಿಲ್ಲ. ಒಂದು ಕಡೆ ಕತ್ತರಿಸಿದರೆ ಉಳಿದದ್ದೂ ಸಡಿಲಿ ಬಿಚ್ಚಿಕೊಳ್ಳುತ್ತದೆ. ಅವನು ಕತ್ತರಿಯನ್ನು ಕೆಳಗಿಟ್ಟ.

“ನನ್ನ ಕೂಲಿ ಹನ್ನೆರಡ ರೂಪಾಯಿ, ಖರೆ. ಆದ್ರ ಇದರ ಮ್ಯಾಲ ಕತ್ತರಿ ಆಡ್ಸಾಕ ಕೈ ಬರವಲ್ದು ಅವ್ವಾರ. ಇದನ್ನ ಮಾಡಿದಾಕೀನ್ನ ಕೇಳಿ ಬರ್ರಿ,” ಎಂದ.

ಯಾವ ಬಾಯಿಂದ ಕೇಳುವುದು? ಹೊರಗೆ ವಾದ್ಯ ಜೋರಾಯಿತು. ಹೆಣ್ಣನ್ನು ಕರೆತನ್ನಿ ಎಂದು ಯಾರೋ ಕೂಗಿದರು. ತಾಯಿ ಗಂಟು ಬಿಚ್ಚಿ ಹಣವನ್ನೆಲ್ಲ ದರ್ಜಿಯ ಮುಂದೆ ಸುರಿದಳು. ಅವನು ಮುಟ್ಟಲಿಲ್ಲ. ಹೊರಗಿನಿಂದ ಮತ್ತೊಮ್ಮೆ ಕೂಗಿದರು. ತಾಯಿ ಕತ್ತರಿಯನ್ನು ತಾನೇ ಎತ್ತಿಕೊಂಡಳು. ಮಗಳು ಅವಳ ಕೈ ಹಿಡಿದಳು. ತಾಯಿ ಕೊಸರಿಕೊಂಡು ಕತ್ತರಿಸಿಯೇಬಿಟ್ಟಳು.

ಎಡಮಗ್ಗುಲಿನ ನವಿಲು ನಡುವೆ ತುಂಡಾಯಿತು. ನೂಲು ಸಡಿಲುತ್ತ ಗೋಪುರದವರೆಗೆ ಎದ್ದು ಬಂತು. ಅಷ್ಟರಲ್ಲಿ, ಇಷ್ಟು ತಡವೇಕೆ ಎಂದು ಗಂಡಿನ ತಾಯಿ ಬಾಗಿಲು ತೆರೆದು ಒಳಗೆ ಬಂದಳು. ಅವಳಿಗೆ ದೂರದಿಂದ ಏನೂ ತಿಳಿಯಲಿಲ್ಲ. ಹತ್ತಿರ ಬಂದು ಕುಪ್ಪಸವನ್ನು ಬೆರಳಿನಿಂದ ಸವರಿದಳು. ಬಿಚ್ಚಿದ ನೂಲು ಕೈಗೆ ಸಿಕ್ಕಿತು.

“ಯಾರ ಅಳತಿ ಕಳಿಸಿದ್ರಿ, ಬೀಗತಿ?” ಎಂದು ಕೇಳಿದಳು.

ತಾಯಿ ಆಗ ನಿಜ ಹೇಳಿದಳು.

ಮದುವೆ ನಿಲ್ಲಲಿಲ್ಲ. ಮಗಳು ತೇಪೆಯ ಕುಪ್ಪಸವನ್ನೇ ತೊಟ್ಟು, ಮೇಲೆ ಸೆರಗು ಹೊದ್ದು ಮಣೆಯ ಮೇಲೆ ಕೂತಳು. ಬಂದ ಜನರಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ. ಗಂಡಿನ ತಾಯಿ ಒಂದು ಗಡಸು ಮಾತೂ ಆಡಲಿಲ್ಲ. ಅಕ್ಷತೆ ಹಾಕುವಾಗ ಸೊಸೆಯ ತಲೆಯನ್ನು ಸವರಿದಳು, ಮೈಯ ಕಡೆ ನೋಡಲಿಲ್ಲ. ದರ್ಜಿ ಊಟ ಮಾಡದೆ ಹೋದ. ಹನ್ನೆರಡು ರೂಪಾಯಿ ಒಳಕೋಣೆಯ ನೆಲದ ಮೇಲೆ ಹಾಗೆಯೇ ಬಿದ್ದಿತ್ತು.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

“ಆ ತಾಯಿಗೆ ಕಸೂತಿಯ ವಿಷಯ ಮೊದಲೇ ಗೊತ್ತಿರಲಿಲ್ಲವಲ್ಲ, ಗುರುಗಳೇ. ನನ್ನದು ಬರೀ ಓದಿನ ಮಾತು. ಇನ್ನೂ ಒಂದು ವರ್ಷ ಕೈಯಲ್ಲಿದೆ,” ಎಂದ ಶಿಷ್ಯ.

ಗುರು ಅವನ ಮುಖವನ್ನೇ ನೋಡುತ್ತ ಕೇಳಿದರು: “ಆ ಊರಿನವರು ನಿನ್ನ ಮಾತಿನ ಮೇಲೆ ಇಷ್ಟರಲ್ಲಿ ಏನೇನು ಹೊಲಿದಿದ್ದಾರೆ, ಹೋಗಿ ನೋಡಿ ಬಂದೆಯಾ?”