ಪಾಲಯ್ಯನ ಹಾಸು

ಚಿತ್ರದುರ್ಗದ ಸೀಮೆಯ ಕುರುಚಲು ಕಾವಲಿನ ನಡುವೆ ಈಗೊಂದು ವಿಶ್ರಾಂತಿಧಾಮವಿದೆ. ಅದರ ಮುಂದೆ ನೂಲು ಹಿಡಿದಂತೆ ನೇರವಾಗಿ ಚಾಚಿದ ಹುಲ್ಲಿನ ಬಯಲು, ಪಡುವಣ ತುದಿಗೆ ಒಂದು ಗುಂಡುಕಲ್ಲು. ಪೇಟೆಯಿಂದ ಬಂದವರು ಆ ಕಲ್ಲಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಯುದ್ಧಕಾಲದಲ್ಲಿ ಇಲ್ಲಿ ವಿಮಾನಗಳು ಇಳಿಯುತ್ತಿದ್ದವೆಂದು ಧಾಮದವರು ಬೋರ್ಡು ಬರೆಸಿದ್ದಾರೆ. ಮೊದಲ ವಿಮಾನ ಯಾವುದರ ಮೇಲೆ ಇಳಿಯಿತೆಂದು ಬರೆಸಿಲ್ಲ. ಬರೆಸಿದ್ದರೆ ಅಲ್ಲಿ ಯಾರ ಗಂಟಲಲ್ಲೂ ಕಾಫಿ ಇಳಿಯುತ್ತಿರಲಿಲ್ಲ. ಊರವರು ಮಾತ್ರ ಆ ಬಯಲನ್ನು ಪಾಲಯ್ಯನ ಹಾಸು ಎನ್ನುತ್ತಾರೆ.

ಹಿಂದೆ ಒಮ್ಮೆ, ಆ ದೊಡ್ಡ ಯುದ್ಧ ನಡೆಯುತ್ತಿದ್ದಾಗ, ಊರಿನ ಮಡಿವಾಳರ ಪಾಲಯ್ಯನಿಗೂ ಅವನ ಹೆಂಡತಿ ಬೋರಕ್ಕನಿಗೂ ನಡೆಮಡಿಯ ಹಕ್ಕಿತ್ತು. ಗಂಗಾಪೂಜೆ ಮುಗಿಸಿ ದೇವರ ಪೆಟ್ಟಿಗೆ ಊರಿಗೆ ಮರಳುವಾಗ, ಹೊತ್ತವರ ಪಾದ ಬರಿನೆಲಕ್ಕೆ ತಾಗದಂತೆ ದಾರಿಗೆ ಬಿಳಿ ಬಟ್ಟೆ ಹಾಸುವುದೇ ನಡೆಮಡಿ. ಕಾವಲಿನ ಗಾಳಿ ಕೇಳಬೇಕೇ? ಗಂಡ ಒಂದು ತುದಿ, ಹೆಂಡತಿ ಇನ್ನೊಂದು ತುದಿ ನೆಲಕ್ಕೊತ್ತಿ ಹಿಡಿದು ಕೂರಬೇಕಿತ್ತು. ಹಿಂದಿನ ವರ್ಷ ದೇವರ ಎತ್ತೊಂದು ಬೆದರಿ ನುಗ್ಗಿದಾಗ ಪಾಲಯ್ಯ ಕೈಬಿಟ್ಟು ಓಡಿದ್ದ. ಬಟ್ಟೆ ಹಾರಿಹೋಗಿ ಜಾಲಿಗೆ ಸಿಕ್ಕಿಕೊಂಡಿತ್ತು. ಇನ್ನೊಮ್ಮೆ ಹೀಗಾದರೆ ಹಕ್ಕು ಬೇರೆ ಮನೆಗೆ ಹೋಗುತ್ತದೆಂದು ಹಿರಿಯರು ಎಚ್ಚರಿಸಿದ್ದರು. ನೀರಿಗೆ ಹೋದಲ್ಲೆಲ್ಲ ಅದೇ ಮಾತು ಕೇಳಿ ಬೋರಕ್ಕ ಬೆಂದುಹೋಗಿದ್ದಳು. ಅಂದು ಬೆಳಿಗ್ಗೆ ಮಡಿಬಟ್ಟೆಯ ಗಂಟು ಕಟ್ಟುತ್ತ, "ಈ ಸತಿ ಏನೇ ಅಡ್ಡ ಬರ್ಲಿ, ಬಟ್ಟೆ ಬಿಡಬ್ಯಾಡ. ಬಿಟ್ಟರೆ ಮನೀಗೆ ಬರಬ್ಯಾಡ" ಎಂದಳು. ಪಾಲಯ್ಯ ನಕ್ಕು, "ಆತು ಕಣೆ" ಎಂದ.

ಪೆಟ್ಟಿಗೆ ಇನ್ನೂ ದೂರದಲ್ಲಿತ್ತು. ಉದ್ದನೆಯ ಹಾಸಿನ ಎರಡು ತುದಿಗೆ ಇಬ್ಬರೂ ಎದುರುಬದುರಾಗಿ ಕೂತಿದ್ದರು. ಆಗ ಪಾಲಯ್ಯನ ಬೆನ್ನ ಹಿಂದೆ ವಿಮಾನವೊಂದು ಸದ್ದಿಲ್ಲದೆ ಇಳಿದು ಬರುತ್ತಿರುವುದು ಬೋರಕ್ಕನಿಗೆ ಕಂಡಿತು. ಎಣ್ಣೆ ಮುಗಿದು ಇಂಜಿನ್ ನಿಂತಿತ್ತಂತೆ. ಅಲ್ಲಿಯವರೆಗೆ ಅವಳು ಕಂಡ ವಿಮಾನವೆಲ್ಲ ಮುಗಿಲಲ್ಲಿ ಹದ್ದಿನಷ್ಟು, ಇದು ಮನೆಯಷ್ಟಿತ್ತು. ಅವಳ ಕೈ ತಾನಾಗಿ ಬಟ್ಟೆ ಬಿಟ್ಟಿತು. "ಬಿಡು, ಎದ್ದು ಓಡು" ಎಂದು ಕಿರುಚಿಕೊಂಡು ಪಕ್ಕಕ್ಕೆ ಬಿದ್ದಳು. ಪಾಲಯ್ಯ ತಿರುಗಿ ನೋಡಿದ. ವಿಮಾನ ಅವನ ಕಣ್ಣಿಗೆ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಳು. ಆಮೇಲೆ ಅವನು ತಲೆ ತಗ್ಗಿಸಿ ಎರಡೂ ಕೈಯಿಂದ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ನೆಲಕ್ಕೊತ್ತಿದ.

ವಿಮಾನ ಪಾಲಯ್ಯನ ಮೇಲೆಯೇ ಇಳಿದು, ಹಾಸಿನುದ್ದಕ್ಕೂ ಉರುಳಿ, ಅವಳನ್ನು ದಾಟಿ ನಿಂತಿತು. ಒಳಗಿದ್ದವರಿಗೆ ಗೀರುಗಾಯವೂ ಆಗಿರಲಿಲ್ಲ. ಬಿಳಿಯ ಪೈಲಟ್ ಹೇಳಿದ್ದನ್ನು ಜೊತೆಗಿದ್ದ ಸಿಪಾಯಿ ಹರುಕುಮುರುಕು ಕನ್ನಡದಲ್ಲಿ ತಿಳಿಸಿದ: ಬಿಳಿ ಬಟ್ಟೆ ಹಾಸಿ ಇಬ್ಬರು ಕೂತದ್ದು ಕಂಡು, ಇಲ್ಲಿ ಇಳಿಯಿರೆಂದು ತಮ್ಮನ್ನೇ ಕರೆಯುತ್ತಿದ್ದಾರೆ ಅಂದುಕೊಂಡರಂತೆ. ಬೋರಕ್ಕ ಅಳಲಿಲ್ಲ. ಹಕ್ಕು ನಿನ್ನದೇ ಕಣಮ್ಮ ಎಂದು ಹಿರಿಯರು ಹೇಳಿದಾಗ ಅವರ ಮುಖವನ್ನೇ ದಿಟ್ಟಿಸಿದಳು. ಆ ನೋಟದ ಎದುರು ಯಾರಿಗೂ ನಿಲ್ಲಲಾಗಲಿಲ್ಲ ಎನ್ನುತ್ತಾರೆ.

ವಿಮಾನ ಇಳಿಯಲು ಒದಗುವ ನೆಲವೆಂದು ಸೈನ್ಯದವರು ಅದನ್ನೇ ಮಟ್ಟ ಮಾಡಿಕೊಂಡರು. ಯುದ್ಧ ಮುಗಿದ ಮೇಲೆ ಹಾಳುಬಿದ್ದು, ಕೈಯಿಂದ ಕೈಗೆ ದಾಟಿ, ಕೊನೆಗೆ ಧಾಮವಾಯಿತು. ಇಂದಿಗೂ ಗಂಗಾಪೂಜೆಯ ದಿನ ಅತಿಥಿಗಳನ್ನು ಆಚೆ ಸರಿಸಿ ಅಲ್ಲಿ ನಡೆಮಡಿ ಹಾಸುತ್ತಾರೆ. ಮೂಡಣ ತುದಿಯನ್ನು ಬೋರಕ್ಕನ ಮನೆತನದ ಹೆಣ್ಣುಮಗಳು ಹಿಡಿಯುತ್ತಾಳೆ. ಪಾಲಯ್ಯ ಹಿಡಿದಿದ್ದ ಪಡುವಣ ತುದಿಯನ್ನು ಮನುಷ್ಯರು ಮುಟ್ಟುವಂತಿಲ್ಲ. ಅದರ ಮೇಲೆ ಬೋರಕ್ಕ ಹೊತ್ತು ತಂದ ಆ ಗುಂಡುಕಲ್ಲನ್ನು ಹೇರುತ್ತಾರೆ. ಪೆಟ್ಟಿಗೆ ದಾಟಿದ ಮೇಲೆ ಹೆಣ್ಣುಮಗಳು ಕಲ್ಲಿನ ಬಳಿ ಕೂತು, ಬೋರಕ್ಕ ಸಾಯುವತನಕ ವರ್ಷವರ್ಷವೂ ಹೇಳುತ್ತಿದ್ದ ಮಾತನ್ನೇ ಹೇಳುತ್ತಾಳೆ: "ಬಿಟ್ಟುಬಿಡು. ಮನೀಗೆ ಬಾ." ಆಮೇಲೆಯೇ ಬಟ್ಟೆ ಎಳೆಯುವುದು.