ವೈದ್ಯೆಯ ಹಗುರ ಲ್ಯಾಪ್‌ಟಾಪ್

ಮೈಸೂರಿನಲ್ಲಿ ನಳಿನಾಕ್ಷಿ ಎಂಬ ವೈದ್ಯೆಯೊಬ್ಬರಿದ್ದರು. ಮಕ್ಕಳ ಹೃದಯದ ಕಾಯಿಲೆ ನೋಡುವುದರಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಬಿಡುವು ಮಾಡಿಕೊಂಡು ದೂರದ ಕಾಡಂಚಿನ ಹಳ್ಳಿಗಳಿಗೂ ಹೋಗಿ ಮಕ್ಕಳನ್ನು ಪರೀಕ್ಷಿಸಿ ಬರುತ್ತಿದ್ದರು. ಹಳೆಯ ಲ್ಯಾಪ್‌ಟಾಪ್ ಹೊತ್ತು ಹೊತ್ತು ಭುಜ ನೋಯುತ್ತಿತ್ತು.

ಹಾಗಾಗಿ ಒಂದು ಹಗುರವಾದ ಹೊಸ ಲ್ಯಾಪ್‌ಟಾಪ್ ತಂದರು. ಅದು ಇಂಟರ್‌ನೆಟ್ ಇದ್ದರಷ್ಟೇ ಕೆಲಸ ಮಾಡುವಂಥದ್ದು. ವರದಿಗಳು ಹಳೆಯದರಲ್ಲಿದ್ದಂತೆ ಅದರೊಳಗೇ ಇರುವುದಿಲ್ಲ; ದೂರದ ಸರ್ವರ್‌ನಲ್ಲಿರುತ್ತವೆ, ಬೇಕಾದಾಗ ಇಂಟರ್‌ನೆಟ್ ಮೂಲಕ ತೆರೆದು ಓದಬೇಕು. ಪ್ರಯಾಣದಲ್ಲಿ ಇದು ಹೇಗಿರುತ್ತದೋ ನೋಡೋಣವೆಂದು ಹಳೆಯದನ್ನು ಮನೆಯಲ್ಲೇ ಬಿಟ್ಟು ಹೊರಟರು. ಹಿಂದಿನ ಸಲ ಕಾಡಂಚಿನ ಒಂದು ಹಳ್ಳಿಯಲ್ಲಿ ಮಕ್ಕಳ ಎದೆಯ ಸ್ಕ್ಯಾನ್ ಮಾಡಿದ್ದರು. ಅದರಲ್ಲಿ ಏನು ಕಂಡಿತೆಂದು ತಂದೆತಾಯಿಯರಿಗೆ ತಿಳಿಸುವ ದಿನ ಅದು.

ಕೊಳ್ಳೇಗಾಲದಲ್ಲಿ ಕಾಫಿಗೆ ಜೀಪು ನಿಂತಾಗ ತೆರೆದು ನೋಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಬಂತು. ಇನ್ನು ವರದಿಗಳನ್ನು ಕಾಗದದಲ್ಲಿ ಮುದ್ರಿಸಿ ತರುವ ಹಂಗೂ ಬೇಡವೆಂದು ಸಮಾಧಾನವಾಯಿತು.

ಹಳ್ಳಿ ತಲುಪಿ ಶಾಲೆಯ ಜಗಲಿಯಲ್ಲಿ ಕೂತು ತೆರೆದರೆ ಪರದೆಯ ಮೇಲೆ ಒಂದು ಅಕ್ಷರವೂ ಮೂಡಲಿಲ್ಲ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಅಂಗಳದ ಈ ಮೂಲೆಗೆ ಹೋದರು, ಆ ಮೂಲೆಗೆ ಹೋದರು. ಜನ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ವೈದ್ಯೆಯ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ತಾಳಿ ಎಂದು ಹೇಳಿ ಹೇಳಿ ಅವರಿಗೇ ನಾಚಿಕೆಯಾಯಿತು.

ಕೇತಮ್ಮ ಎಂಬ ತಾಯಿ ಮಗಳು ಬೊಮ್ಮಿಯನ್ನು ಎತ್ತಿಕೊಂಡು ಎದ್ದು ಬಂದಳು. ಅವಳ ಬುಡಕಟ್ಟಿನವರ ಹಾಡಿ ಇದ್ದದ್ದು ಕಾಡಿನೊಳಗೆ. ಆನೆಗಳು ದಾರಿಗಿಳಿಯುವ ಮೊದಲು ಮನೆ ಸೇರಬೇಕಿತ್ತು.

"ನನ್ನ ಮಗೀಗೆ ಏನೂ ಇಲ್ಲ ತಾನೇ ಡಾಕ್ಟ್ರಮ್ಮ? ಅದೊಂದು ಹೇಳ್ಬುಡಿ, ನಾನು ಹೊಂಟೋಯ್ತೀನಿ."

ನಳಿನಾಕ್ಷಿಯವರಿಗೆ ಮಗುವಿನ ಮುಖ ನೆನಪಿತ್ತು. ಹೃದಯದಲ್ಲಿ ಸಣ್ಣದೊಂದು ರಂಧ್ರ, ಬೆಳೆದಂತೆ ತಾನಾಗಿ ಮುಚ್ಚಿಕೊಳ್ಳುವಂಥದ್ದು. ಹೌದು, ಅದೇ. ಏನೂ ಇಲ್ಲ ಹೋಗಮ್ಮ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ತಾಯಿ ನಗುತ್ತಾ ಹೋಗುತ್ತಾಳೆ, ತಮ್ಮ ಮರ್ಯಾದೆಯೂ ಉಳಿಯುತ್ತದೆ. ಆದರೆ ಸ್ಕ್ಯಾನ್ ಮಾಡಿದ ದಿನ ಇದೇ ವಯಸ್ಸಿನ ಇನ್ನೊಂದು ಹೆಣ್ಣುಮಗುವನ್ನೂ ನೋಡಿದ್ದುಂಟು. ರಂಧ್ರ ಕಂಡದ್ದು ಇವಳಲ್ಲೇ, ಆ ಮಗುವಿನಲ್ಲಲ್ಲ ಎಂದು ಆಣೆಯಿಟ್ಟು ಹೇಳಬಲ್ಲೆನೇ ಎಂದು ತಮ್ಮನ್ನೇ ಕೇಳಿಕೊಂಡರು.

"ಈಗ ನನಗೆ ಗೊತ್ತಿಲ್ಲ ಕೇತಮ್ಮ," ಎಂದರು. "ವರದಿಯನ್ನು ಕೈಯಲ್ಲಿ ಹಿಡಿದು ಬರಬೇಕಿತ್ತು. ತರದೇ ಇದ್ದದ್ದು ನನ್ನ ತಪ್ಪು."

ಜಗಲಿಯಲ್ಲಿ ಗುಸುಗುಸು ಎದ್ದಿತು. ಕೂಲಿ ಬಿಟ್ಟು ಬಂದಿದ್ದೇವೆ, ಬರಿಗೈಲಿ ಬರುವುದಕ್ಕೆ ಇಷ್ಟು ದೂರ ಯಾಕೆ ಬಂದಿರಿ ಎಂದು ಮುದುಕನೊಬ್ಬ ಕೇಳಿಯೇಬಿಟ್ಟ. ನಳಿನಾಕ್ಷಿಯವರು ಕೈಮುಗಿದು, ನೆಟ್‌ವರ್ಕ್ ಸಿಗುವ ಕಡೆ ಹೋಗಿ ಬರುತ್ತೇನೆಂದರು. ಕೇತಮ್ಮನನ್ನೂ ಮಗುವನ್ನೂ ಜೀಪಿನಲ್ಲಿ ಕೂರಿಸಿಕೊಂಡು ಘಾಟಿಯ ಮೇಲಕ್ಕೆ ಹೊರಟರು.

ಮೇಲಿನ ತಿರುವಿನಲ್ಲಿ ವರದಿ ತೆರೆಯಿತು. ವೈದ್ಯೆ ಮಗುವಿನ ಹೆಸರನ್ನು ಎರಡೆರಡು ಸಲ ಓದಿಕೊಂಡರು. ಸಣ್ಣ ರಂಧ್ರ ಇದ್ದದ್ದು ಇನ್ನೊಂದು ಮಗುವಿಗೆ. ಬೊಮ್ಮಿಯ ಹೃದಯಕ್ಕೆ ಬೇಗನೆ ಆಪರೇಷನ್ ಆಗಬೇಕಿತ್ತು. ಮಗಳು ಬದುಕುತ್ತಾಳಾ ಎಂದು ಕೇತಮ್ಮ ಕೇಳಿದಳು. ಈಗಲೇ ಮಾಡಿಸಿದರೆ ಬದುಕುವ ಭರವಸೆ ತುಂಬಾ ಇದೆ, ಜೊತೆಗೆ ನಾನಿರುತ್ತೇನೆ ಎಂದು ನಳಿನಾಕ್ಷಿಯವರು ಧೈರ್ಯ ಹೇಳಿದರು. ಮಿಕ್ಕ ಮಕ್ಕಳ ವರದಿಗಳನ್ನೂ ಅಲ್ಲೇ ಬರೆದುಕೊಂಡು, ಹಳ್ಳಿಗೆ ಮರಳಿ ಪ್ರತಿಯೊಬ್ಬರಿಗೂ ತಿಳಿಸಿ, ಕೇತಮ್ಮನನ್ನು ಹಾಡಿಯವರೆಗೆ ಬಿಟ್ಟುಬಂದರು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಬೊಮ್ಮಿ ಚೇತರಿಸಿಕೊಂಡಳು. ಊರಿಗೆ ಹೊರಡುವ ದಿನ ಕೇತಮ್ಮ ವೈದ್ಯೆಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಅವತ್ತು ಬೆಟ್ಟ ಹತ್ತದೆ ಅಲ್ಲೇ ಹೇಳಿದ್ರೆ ಏನಂತ ಹೇಳ್ತಿದ್ರಿ ಡಾಕ್ಟ್ರಮ್ಮ?"

ನಳಿನಾಕ್ಷಿಯವರು ಮುಚ್ಚಿಡಲಿಲ್ಲ. "ಏನೂ ಇಲ್ಲ, ಮನೆಗೆ ಹೋಗು ಅಂತ ಹೇಳಿಬಿಡ್ತಿದ್ದೆ."

ಕೇತಮ್ಮ ಮಗಳನ್ನು ವೈದ್ಯೆಯ ತೋಳಿಗೆ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ನೀತಿ: ನಮ್ಮ ಹೊರೆ ಇಳಿಸಿಕೊಳ್ಳುವಾಗ, ನಮ್ಮನ್ನು ನಂಬಿದವರಿಗೆ ಬೇಕಾದದ್ದನ್ನು ಬಿಟ್ಟು ಹೋಗಬಾರದು. ಬಿಟ್ಟು ಹೋಗಿದ್ದರೆ, ಮರ್ಯಾದೆ ಉಳಿಸಿಕೊಳ್ಳಲು ಊಹೆಯನ್ನು ನಿಜವೆಂದು ಹೇಳಬಾರದು. ಗೊತ್ತಿಲ್ಲ ಎಂದು ಒಪ್ಪಿಕೊಂಡು, ತಿಳಿದು ಬಂದು ಹೇಳುವುದೇ ಧರ್ಮ.