ಲಾರಿಗೆ ಬಳಿದ ಹಸಿರು

"ಗುರುಗಳೇ, ಅಣ್ಣನ ಮೇಲಿನ ಸಿಟ್ಟು ಹೋಗಿದೆ ಅನ್ನಿಸುತ್ತದೆ. ಹೋಗಿ ಮಾತಾಡಿಸಬೇಕು. ಆದರೆ ಅವನ ಮುಖ ಕಂಡಕೂಡಲೇ ಸಿಟ್ಟು ಮತ್ತೆ ಎದ್ದರೆ? ಪೂರ್ತಿ ಹೋಗಿದೆಯೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ. ಈ ಪ್ರಶ್ನೆಯನ್ನು ಅವನು ಹಿಂದೆಯೂ ಕೇಳಿದ್ದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ನಿವೃತ್ತ ಸೈನಿಕರ ಸಂಘವಿತ್ತು. ಅದರ ಅಂಗಳದಲ್ಲಿ ಯುದ್ಧ ಕಂಡ ಹಳೆಯ ಲಾರಿಯೊಂದು ತುಕ್ಕು ಹಿಡಿದು ನಿಂತಿತ್ತು. ಅದನ್ನು ಓಡಿಸಿದ್ದ ಚಾಲಕ ಇನ್ನೂ ಬದುಕಿದ್ದ. ಮುದುಕನ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಕಣ್ಣು ಪೂರ್ತಿ ಹೋಗುವ ಮೊದಲು ತನ್ನ ಲಾರಿಯನ್ನು ಆ ಹಳೆಯ ಹಸಿರಿನಲ್ಲಿ ಒಮ್ಮೆ ನೋಡಬೇಕೆಂಬುದು ಅವನ ಆಸೆ. ಸಂಘದವರು ಒಬ್ಬ ಪೇಂಟರನ್ನು ಕರೆಸಿದರು.

ಪೇಂಟರ್ ಕೆಲಸ ಬಲ್ಲವನೇ. ತುಕ್ಕಿನ ಮೇಲೆ ಬಣ್ಣ ಎಳೆದು ಕೈತೊಳೆದುಕೊಳ್ಳುವ ಪೈಕಿಯವನಲ್ಲ. ಬರಿ ಕಬ್ಬಿಣ ಕಾಣುವವರೆಗೆ ಉಜ್ಜಿದ. ಕೆಂಪು ಪ್ರೈಮರ್ ಹೊಡೆದು ಒಣಗಲು ಬಿಟ್ಟ. ಸೇನೆಯ ಗಾಡಿ ಮಿರುಗಬಾರದು ಎಂದು, ಹೊಳಪಿಲ್ಲದ, ಬಿಸಿಲು ಮಳೆಗೆ ಜಗ್ಗದ ಹಸಿರು ಆರಿಸಿ ಬಳಿದ. ಜೊತೆಗೆ ಒಂದು ತಗಡಿನ ತುಂಡಿಗೂ ಅದನ್ನೇ ಬಳಿದ. ಬಣ್ಣ ಕಚ್ಚಿಕೊಂಡಿದೆಯೇ ಎಂಬ ಪರೀಕ್ಷೆ ನಡೆಯಬೇಕಾದದ್ದು ಆ ತುಂಡಿನ ಮೇಲೆ. ಬ್ಲೇಡಿನಿಂದ ಗೀರಿ, ಟೇಪ್ ಅಂಟಿಸಿ ಕಿತ್ತ. ಬಣ್ಣ ಒಂದಿಷ್ಟೂ ಏಳಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಗಡಿನ ಮೇಲೆ ನಿಂತದ್ದು ಲಾರಿಯ ಮೇಲೂ ನಿಂತೀತೇ ಎಂಬ ಹೆದರಿಕೆ ಅವನ ಮನಸ್ಸು ಹೊಕ್ಕಿತು. ಬಾಗಿಲ ಮೂಲೆಯಲ್ಲಿ ಸಣ್ಣದಾಗಿ ಗೀರಿ ನೋಡಿದ. ಗಟ್ಟಿಯಾಗಿತ್ತು. ಗೀರು ಮುಚ್ಚಲು ಮತ್ತೆ ಬಳಿದ. ಈಗ ಬಳಿದದ್ದು ಕಚ್ಚಿಕೊಂಡಿದೆಯೇ? ಅದನ್ನೂ ಗೀರಿದ. ಬಾನೆಟ್ಟು ಹೇಗಿದೆಯೋ ಎಂದು ಅಲ್ಲೂ ಗೀರಿದ. ಊಟ ಸೇರಲಿಲ್ಲ. ಮೋಡ ಕಂಡರೆ ಟಾರ್ಪಾಲಿಗೆ ಓಡುತ್ತಿದ್ದ. ಮುದುಕ ಗೇಟಿನ ಹತ್ತಿರ ಬಂದು, ಆಯಿತೇನಪ್ಪಾ ಎಂದು ಕೇಳುತ್ತಿದ್ದ. ಇನ್ನೂ ಸ್ವಲ್ಪ ತಡೆಯಿರಿ ಅಜ್ಜ ಎಂದು ಇವನು ಲಾರಿಯ ಮೇಲೆ ಟಾರ್ಪಾಲು ಎಳೆಯುತ್ತಿದ್ದ.

ಮಳೆಗಾಲ ಬಂತು. ಗಾಳಿಗೆ ಟಾರ್ಪಾಲು ಹಾರಿತು. ಮುಚ್ಚದೆ ಉಳಿದ ಗೀರುಗಳಲ್ಲಿ ನೀರಿಳಿಯಿತು. ಗೀರದ ಕಡೆ ಬಣ್ಣ ಕಲ್ಲಿನಂತೆ ನಿಂತಿತ್ತು, ಗೀರಿದಲ್ಲೆಲ್ಲ ತುಕ್ಕು. ಅದನ್ನು ಕಂಡು ಮಹಾಶಯನಿಗೆ ಸಮಾಧಾನವೇ ಆಯಿತು. ನನ್ನ ಹೆದರಿಕೆ ಸುಳ್ಳಲ್ಲ ನೋಡಿ ಎಂದು ಸಂಘದವರಿಗೆಲ್ಲ ತೋರಿಸಿದ. ಮತ್ತೆ ಉಜ್ಜಿದ, ಮತ್ತೆ ಬಳಿದ.

ಕೊನೆಗೂ ಟಾರ್ಪಾಲು ತೆಗೆದ ದಿನ ಮುದುಕನನ್ನು ಮಗಳು ಕೈಹಿಡಿದು ಕರೆತಂದಳು. ಅವನು ತಡವರಿಸುತ್ತ ಬಾನೆಟ್ಟನ್ನು ಮುಟ್ಟಿ, ಅದರ ಮೇಲೆ ಬಹಳ ಹೊತ್ತು ಅಂಗೈ ಆಡಿಸಿದ.

"ಬಣ್ಣ ಚೆನ್ನಾಗಿ ಕೂತಿದೆ. ಹಸಿರೇ ತಾನೆ?" ಎಂದ.

ಹೌದು ಅಜ್ಜ, ಹಸಿರೇ ಎಂದು ಪೇಂಟರ್ ಬ್ಲೇಡನ್ನು ಕೆಳಗಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಹಾಗಾದರೆ ಮನಸ್ಸನ್ನು ಪರೀಕ್ಷಿಸಿಕೊಳ್ಳಲೇಬಾರದೇ ಎಂದು ಶಿಷ್ಯ ವಾದಕ್ಕೆ ತೊಡಗಿದ. ಗುರುಗಳು ಅವನನ್ನು ಅರ್ಧಕ್ಕೇ ತಡೆದರು.

"ನಿನ್ನ ಅಣ್ಣನಿಗೆ ಈಗ ವಯಸ್ಸೆಷ್ಟು?"